ನಾಲ್ಕು ಮೀಟರ್ ಕೇಬಲ್

ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಕರೆಯುವುದು ಕೇಬಲ್ ಅಕ್ಕ ಅಂತಲೇ. ಕಂಪ್ಯೂಟರಿಗೂ ಡಿಸ್ಕುಗಳಿಗೂ ನಡುವೆ ಎಳೆಯುವ ಕೇಬಲ್ ಕಟ್ಟುತ್ತಾ ಹದಿನೆಂಟು ವರ್ಷ ಸವೆಸಿದವಳು. ಕಡಿಮೆ ವೋಲ್ಟೇಜಿನ ಹೆಣೆದ ಜೋಡಿ ತಂತಿಗಳು. ಒಂದರಲ್ಲಿ ಹೋದ ಸಂಕೇತವೇ ಇನ್ನೊಂದರಲ್ಲಿ ತಿರುವುಮುರುವಾಗಿ ಹೋಗಬೇಕು. ಅರವತ್ತೆಂಟು ತಂತಿ, ಮೂವತ್ತನಾಲ್ಕು ಜೋಡಿ. ಒಂದೊಂದಕ್ಕೂ ಪರೀಕ್ಷೆಯ ಮೀಟರ್ ಮುಟ್ಟಿಸಿ ನೋಡದೆ ಅವಳು ಮೇಜು ದಾಟಿಸಿದ ಕೇಬಲ್ ಇಲ್ಲ, ಬೇಕಿದ್ದರೆ ಯಾರನ್ನಾದರೂ ಕೇಳಿ! "ಮಗಳಿಗೆ ಜಡೆ ಹಾಕುವಾಗ್ಲೂ ಕೂದಲು ಎಣಿಸ್ತಾಳೆ" ಎಂದು ಗಂಡ ಆಡಿಕೊಳ್ಳುತ್ತಿದ್ದ.

ಅಂಥವಳ ಮುಂದೆ ಮಾಲೀಕರು ಒಂದು ಬೆಳಿಗ್ಗೆ ಕಾಗದ ಹಿಡಿದರು. ದೊಡ್ಡ ಮುದ್ರಣಾಲಯವೊಂದರಲ್ಲಿ ಡಿಸ್ಕಿಗೆ ಬರೆದದ್ದೆಲ್ಲ ಕೆಡುತ್ತಿದೆ, ಕೇಬಲ್ಲೇ ಸರಿಯಿಲ್ಲ ಎಂದು ಅಲ್ಲಿನ ತಂತ್ರಜ್ಞ ದೂರಿದ್ದನಂತೆ.

"ತಪ್ಪು ನನ್ನದು ಅಂತ ಸಹಿ ಹಾಕಮ್ಮಾ, ಅವರಿಗೆ ಸಮಾಧಾನ ಆಗ್ಲಿ. ನಿನ್ನನ್ನ ಪ್ಯಾಕಿಂಗಿಗೆ ಹಾಕ್ತೀನಿ, ಕೆಲಸ ಏನೂ ಹೋಗಲ್ಲ."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಪರೀಕ್ಷೆಯ ಮೇಜು ಬಿಟ್ಟು ರಟ್ಟಿನ ಡಬ್ಬಕ್ಕೆ ಟೇಪು ಅಂಟಿಸುತ್ತಾ ಕೂರಬೇಕಂತೆ, ಅದೂ ಮಾಡದ ತಪ್ಪಿಗೆ!

"ಸತ್ರೂ ಹಾಕಲ್ಲ ಸಾರ್. ನಡೀರಿ, ಹೋಗಿ ನೋಡೋಣ."

ಮುದ್ರಣಾಲಯದ ಕಂಪ್ಯೂಟರ್ ಕೋಣೆಯಲ್ಲಿ ತಂತ್ರಜ್ಞ ಕೈಕಟ್ಟಿ ನಿಂತಿದ್ದ. ಅಲ್ಲಿನ ಮ್ಯಾನೇಜರೂ ಬಂದರು. ಅವಳು ಮಂಡಿಯೂರಿ ಟಾರ್ಚ್ ಬಿಟ್ಟಳು. ತಾನು ಕಟ್ಟಿದ ನಾಲ್ಕು ಮೀಟರ್ ಕೇಬಲ್, ಮೂರು ಹೊಸ ಡಿಸ್ಕು, ಕೊನೆಯಲ್ಲಿ ಸಾಲು ಮುಚ್ಚುವ ಟರ್ಮಿನೇಟರ್ ಬಿರಡೆ, ಎಲ್ಲ ನೆಟ್ಟಗಿದೆ. ನಡುವೆ ಮಾತ್ರ ಧೂಳು ಮೆತ್ತಿದ ಹಳೆಯ ಟೇಪ್ ಡ್ರೈವ್.

"ಈ ಅಜ್ಜನ್ನ ಯಾವಾಗ ಸೇರಿಸಿದೆ?"

"ಹೋದ ತಿಂಗಳು. ಪ್ಲಗ್ ಕೂತ್ಕೊಳ್ತು, ಹಾಕ್ದೆ."

"ಕೂತ್ಕೊಂಡ್ರೆ ಆಗೋಯ್ತಾ? ಇದು ಹಳೇ ಪದ್ಧತೀದು, ಜೋಡಿ ತಂತಿ ಲೆಕ್ಕ ಇದಕ್ಕೆ ಗೊತ್ತಿಲ್ಲ. ಇದೊಂದು ಸಾಲಲ್ಲಿದ್ರೆ ಉಳಿದ ಡಿಸ್ಕೆಲ್ಲ ಇದರ ದಾರಿಗೇ ಬರ್ತವೆ. ಆ ದಾರೀಲಿ ಕೇಬಲ್ ಒಂದೂವರೆ ಮೀಟರ್ ದಾಟಬಾರ್ದು, ಪುಣ್ಯಾತ್ಮಾ!"

ಎಲ್ಲ ಆರಿಸಿ ಟೇಪ್ ಡ್ರೈವ್ ಕಳಚಿಸಿದಳು. ಮತ್ತೆ ಚಾಲೂ ಮಾಡಿ, ಇಡೀ ಪುಸ್ತಕವೊಂದನ್ನು ಡಿಸ್ಕಿನಿಂದ ಡಿಸ್ಕಿಗೆ ಬರೆಸಿ ನೋಡಿದರು. ಒಂದಕ್ಷರವೂ ಕೆಡಲಿಲ್ಲ.

ಮ್ಯಾನೇಜರ್ ಗಂಟಲು ಸರಿಮಾಡಿಕೊಂಡರು. "ಸರಿ ಹೋಯ್ತಲ್ಲ. ಆದ್ರೆ ನಮ್ಮವನ ಹೆಸರು ಕೆಡೋದು ಬೇಡ. ಕೇಬಲ್ಲೇ ಕೆಟ್ಟಿತ್ತು ಅಂತ ಬರೆದು ಮುಗಿಸಿಬಿಡಿ. ಮುಂದಿನ ಆರ್ಡರೂ ನಿಮಗೇ."

"ಒಂದು ಸಹಿ ಅಷ್ಟೇ ಅಲ್ವೇನಮ್ಮಾ..." ಎಂದು ಮಾಲೀಕರು ರಾಗ ಎಳೆದರು.

ಎಲಾ ಇವರ! ಕಣ್ಣಾರೆ ಕಂಡ ಮೇಲೂ ಈ ಮಾತೇ?

"ಹಾಗಾದ್ರೆ ಕೆಟ್ಟ ಕೇಬಲ್ ನಿಮಗ್ಯಾಕೆ ಸಾರ್? ಬಿಚ್ಕೊಂಡು ಹೋಗ್ತೀನಿ" ಎಂದವಳೇ ಸ್ವಿಚ್ಚಿಗೆ ಕೈಹಾಕಿದಳು.

"ಅಯ್ಯೋ ಬೇಡ ಅಕ್ಕಾ!" ತಂತ್ರಜ್ಞ ಓಡಿಬಂದು ಅಡ್ಡ ನಿಂತ. "ಮಧ್ಯಾಹ್ನಾನೇ ಪುಸ್ತಕ ಅಚ್ಚಿಗೆ ಹೋಗ್ಬೇಕು. ಕೇಬಲ್ ಚೆನ್ನಾಗಿದೆ!"

"ನನಗಲ್ಲಪ್ಪಾ, ಅವರಿಗೆ ಹೇಳು."

ಅವನು ಮ್ಯಾನೇಜರ ಕಡೆ ತಿರುಗಿ ತಲೆ ತಗ್ಗಿಸಿದ. "ಕೇಬಲ್ ಚೆನ್ನಾಗಿದೆ ಸಾರ್. ತಪ್ಪು ನನ್ನದೇ."

ಅವಳು ಮಾಲೀಕರ ಕೈಯಲ್ಲಿದ್ದ ಕಾಗದ ತೆಗೆದುಕೊಂಡು, ಮಗುಚಿ, ಅವನ ಮುಂದಿಟ್ಟಳು. "ಈಗ ಹೇಳಿದ್ದನ್ನೇ ಬರಿ. ದಿನಾಂಕಾನೂ ಹಾಕು."

ಅವನು ಜೇಬು ತಡಕಾಡಿದ. ಮಾಲೀಕರು ಮ್ಯಾನೇಜರ ಮುಖ ನೋಡದೆ ತಮ್ಮ ಪೆನ್ನು ತೆಗೆದು ಅವನಿಗೆ ಕೊಟ್ಟರು.