ಒಂದೇ ಬಟ್ಟಲು

ನಿವೃತ್ತ ನರ್ಸ್ ಸುವಾರ್ತಾಬಾಯಿ ರಸ್ತೆಗೆ ಇಳಿದರೆಂದರೆ ಮುದ್ದೇಬಿಹಾಳದ ಅರ್ಧ ಊರು ತನ್ನ ತಪ್ಪು ಏನಿರಬಹುದೆಂದು ನೆನಪಿಸಿಕೊಳ್ಳುತ್ತದೆ. ಮುದುಕಿಯನ್ನು ಗದರಿದ ಕಂಡಕ್ಟರನಿರಲಿ, "ನಾಳಿ ಬಾ" ಎಂದ ಗುಮಾಸ್ತನಿರಲಿ, ಅವರದು ಒಂದೇ ಮಾತು: "ಸ್ವಲ್ಪ ನಿಲ್ರಿ, ಇದು ಸರಿ ಐತೇನ್ರಿ?" ಪ್ರಾರ್ಥನೆಯಲ್ಲೂ ಅವರ ಒಂದು ಕಣ್ಣು ತೆರೆದೇ ಇರುತ್ತದೆಂದು ಚರ್ಚಿನ ಸಭೆಯವರು ದೂರಿದರೆ, "ಅನ್ಯಾಯ ಕಣ್ಣು ಮುಚ್ಚತೈತೇನ್ರಿ?" ಎನ್ನುತ್ತಾರೆ. ಬಸ್ ನಿಲ್ದಾಣ ಗುಡಿಸುವ ಲಕ್ಕವ್ವನಿಗೆ ಮಾತ್ರ ಪ್ಲಾಸ್ಟಿಕ್ ಲೋಟದಲ್ಲಿ ಚಹಾ ಕೊಡುತ್ತಿದ್ದ ಅಂಗಡಿಯಲ್ಲಿ ಹದಿನೇಳು ದಿನ "ನನಗೂ ಅದರಾಗ ಕೊಡ್ರಿ" ಎಂದು ಪಟ್ಟು ಹಿಡಿದು ಕೂತರು. ಹದಿನೆಂಟನೆಯ ದಿನ ಇಬ್ಬರಿಗೂ ಗಾಜಿನ ಗ್ಲಾಸು ಬಂತು. ಇದನ್ನು ಯಾರಾದರೂ ಹೊಗಳಿದರೆ ಮಾತ್ರ ಸುವಾರ್ತಾಬಾಯಿ ತಲೆ ತಗ್ಗಿಸುತ್ತಾರೆ. ಹಿಂದೊಮ್ಮೆ ಚರ್ಚಿನಲ್ಲಿ ಪ್ರಭುಭೋಜನದ ದ್ರಾಕ್ಷಾರಸ ಒಂದೇ ಬಟ್ಟಲಲ್ಲಿ ಕೈಯಿಂದ ಕೈಗೆ ಬರುವಾಗ, ಅದೇ ಸಭೆಗೆ ಸೇರಿದ ಲಕ್ಕವ್ವ ಕುಡಿದು ಕೊಟ್ಟದ್ದನ್ನು ಅವರು ತುಟಿಗೆ ತಾಗಿಸದೆ ಮುಂದೆ ದಾಟಿಸಿದ್ದರು. ಅದನ್ನು ಕಂಡವಳು ಲಕ್ಕವ್ವ ಒಬ್ಬಳೇ. ಆಕೆ ಯಾರಿಗೂ ಹೇಳಲಿಲ್ಲ. ಈಗ ಪ್ರತಿ ಪ್ರಭುಭೋಜನಕ್ಕೂ ಸುವಾರ್ತಾಬಾಯಿ ಹುಡುಕಿಕೊಂಡು ಹೋಗಿ ಆಕೆಯ ಪಕ್ಕದಲ್ಲೇ ಕೂರುತ್ತಾರೆ. ಮೊನ್ನೆ ಲಕ್ಕವ್ವ ಒಂದು ಗುಟುಕು ಕುಡಿದು, ಬಟ್ಟಲ ಅಂಚನ್ನು ಸೆರಗಿನಿಂದ ಒರೆಸಲು ಹೋದಳು. ಸುವಾರ್ತಾಬಾಯಿ ಆಕೆಯ ಕೈ ಹಿಡಿದರು: "ಒರಸಬ್ಯಾಡ ಯವ್ವಾ, ಹಂಗ ಕೊಡು."