ಸೋಪು ಮೆತ್ತಿದ ಡ್ರಮ್ಮು

ಅರವತ್ತರ ದಶಕದಲ್ಲಿ ಸಾಗರದ ನಮ್ಮ ಮನೆಯೆದುರು ಬಸ್ಸು ರಿಪೇರಿ ಶೆಡ್ಡು ಇಟ್ಟಿದ್ದ ಸಾಹುಕಾರರ ಬಾಯಲ್ಲಿ ಸದಾ ಒಂದೇ ಮಾತು: “ಎಂತದೂ ಆಗಲ್ಲ ಮಾರಾಯ.”

ವೆಲ್ಡಿಂಗಿಗೆ ಕಾರ್ಬೈಡ್ ಗ್ಯಾಸು ಮಾಡುವ ಡ್ರಮ್ಮು ಸೋರಿ, ಬೀದಿಯೆಲ್ಲ ನಾತ ಹೊಡೆಯುತ್ತಿತ್ತು. “ಹೊಸದು ತರ್ಸಿ ಸಾವ್ಕಾರ್ರೆ, ಸಿಡಿದ್ರೆ ಕಷ್ಟ” ಎಂದು ವೆಲ್ಡರ್ ಹೇಳಿದಾಗಲೆಲ್ಲ ಅದೇ ಮಾತಾಡಿ, ಬಿರುಕಿಗೆ ತಾವೇ ಬಟ್ಟೆಸೋಪು ಮೆತ್ತುತ್ತಿದ್ದರು.

ಕೊನೆಗೆ ಅದು ಸಿಡಿದೇಬಿಟ್ಟಿತು. ವೆಲ್ಡರನ ಕಣ್ಣು ಹೋಯಿತು. ಅವನು ಬೀಡಿ ಹಚ್ಚಿದ್ದೇ ಕಾರಣವೆಂದು ಹೇಳಿಬಿಡಿ ಎಂದು ಆಪ್ತರು ಕಲಿಸಿಕೊಟ್ಟರು. ಸಾಹುಕಾರರು ಪೊಲೀಸರೆದುರು, “ಅವ್ನು ಹೇಳಿದ್ದ. ಕೇಳದೇ ಇದ್ದೋನು ನಾನು” ಎಂದರು.

ಆಮೇಲೊಮ್ಮೆ ಶೆಡ್ಡಿಗೆ ಬಂದ ಬಸ್ಸಿನ ಬ್ರೇಕು ಸರಿಯಿಲ್ಲದಿದ್ದರೂ ಹೊಸನಗರಕ್ಕೆ ಹೊರಟುನಿಂತ ಡ್ರೈವರ್, “ಎಂತದೂ ಆಗಲ್ಲ ಸಾವ್ಕಾರ್ರೆ” ಎಂದ. ಅವರು ಹೋಗಿ, ಜನ ತುಂಬಿದ ಆ ಬಸ್ಸಿನ ಮುಂದಿನ ಚಕ್ರಕ್ಕೆ ಅಡ್ಡ ಕುಳಿತುಬಿಟ್ಟರು.