ಸೆರಗಿನ ತುದಿಯ ಗಂಟು

ಆ ಸೋಮವಾರವೂ ಎಂದಿನಂತೆ, ದಾದರ್ ಸ್ಟೇಷನ್ನಿನ ಬ್ರಿಜ್ಜಿನ ನೂಕುನುಗ್ಗಲಿನಲ್ಲಿ ಗುರುಪಾದ ಹೆಂಡತಿ ಭಾಗವ್ವನ ಸೆರಗಿನ ತುದಿಗೆ ಗಂಟು ಹಾಕಿ ಹಿಡಿದುಕೊಂಡ. "ನೀ ಮುಂದ ನಡಿ, ಇಲ್ಲಾಂದ್ರ ನಾ ಕಳದ್ಹೋಗ್ತೀನಿ," ಎಂದು ನಕ್ಕ. ಮಂಗಳವಾರ ಒಬ್ಬನೇ ಹೋದ; ಲೋಕಲ್ ರೈಲಿನ ಬಾಗಿಲಲ್ಲಿ ಕೈ ಜಾರಿತು, ತಿರುಗಿ ಬರಲಿಲ್ಲ. ಭಾಗವ್ವ ಈಗ ಆಯಾ; ಧಣಿಗಳ ಮಕ್ಕಳನ್ನು ಕಾಯಲು ವರ್ಷವರ್ಷವೂ ಕ್ರೂಸ್ ಹಡಗು ಹತ್ತುತ್ತಾಳೆ. ಹತ್ತಿದವಳೇ ಬಾಲ್ಕನಿಯ ಕುರ್ಚಿಗಳನ್ನೆಲ್ಲ ಒಳಗೆ ಎಳೆದು ಹಾಕುತ್ತಾಳೆ: "ಕುರ್ಚಿ ಕಂಡ್ರ ಕೂಸು ಹತ್ತತೈತಿ." ಈಜುಕೊಳದ ಕಡೆಗೆ ಬೆನ್ನು ಹಾಕಿ ಚಹಾ ಸಹ ಕುಡಿಯುವುದಿಲ್ಲ. ನಡೆಯುವಾಗ ಸೆರಗಿನಲ್ಲಿ ಮಗುವಿಗೊಂದು ಗಂಟು. ಕೈ ಬಿಟ್ಟವರಿಗೆ ಐಸ್‌ಕ್ರೀಂ ಇಲ್ಲ. "ಬಾಯಿ, ಇದು ಶಿಪ್, ದಾದರ್ ಅಲ್ಲ. ಲೋಗ್ ಹಂಸ್ ರಹೇ ಹೈಂ, ಎಲ್ಲರೂ ನಗ್ತಿದ್ದಾರೆ," ಎಂದು ಧಣಿಯ ಹೆಂಡತಿ ಸೋನಾಲಿ ಈ ಸಲವೂ ನಾಚಿದಳು. "ಇಲ್ಲಿ ಸುತ್ತ ನೀರೈತ್ರಿ, ಮೇಡಂ. ದಾದರದಾಗ ಅದೊಂದಾದ್ರೂ ಇಲ್ಲ." ಹಡಗು ಹೊರಡುವ ಮೊದಲೇ ಬೇರೆಯವರ ಮಕ್ಕಳೂ ಓಡಿ ಬಂದರು, ಎರಡಿದ್ದ ಮಕ್ಕಳ ಗಂಟು ಏಳಾಯಿತು. ಅಪಾಯ ಬಂದರೆ ಪಾರಾಗುವ ತಾಲೀಮಿಗೆ ಸೈರನ್ ಕೂಗಿದಾಗ ದೊಡ್ಡವರು ಮೆಟ್ಟಿಲಲ್ಲಿ ದಾರಿ ಹುಡುಕುತ್ತಿದ್ದರು. ಭಾಗವ್ವನ ರೈಲು ಮಾತ್ರ ಏಳು ಡಬ್ಬಿ ಸಮೇತ ಎಲ್ಲರಿಗಿಂತ ಮೊದಲು ಜೀವರಕ್ಷಕ ದೋಣಿಯ ಹತ್ತಿರ ನಿಂತಿತ್ತು. ಬಿಳಿ ಟೊಪ್ಪಿಗೆಯ ಅಧಿಕಾರಿ ಸೆಲ್ಯೂಟ್ ಹೊಡೆದ. ಡೆಕ್ ತುಂಬ ಚಪ್ಪಾಳೆ, ಸೋನಾಲಿಯದೇ ಎಲ್ಲಕ್ಕಿಂತ ಜೋರು. ಕಡೆಯ ಮಗು ಸೆರಗಿನ ತುದಿ ತೋರಿಸಿತು. "ಈ ಗಂಟು ಖಾಲಿ. ಯಾರದ್ದು?" "ನಮ್ಮವರದ್ದು. ಅದನ್ನ ಹಿಡೀಬ್ಯಾಡ, ಮಗಾ." ದಿನಾ ಬೆಳಿಗ್ಗೆ ಒಗೆದ ಸೀರೆ ಉಟ್ಟ ಕೂಡಲೇ ಭಾಗವ್ವ ಮೊದಲು ಆ ಗಂಟು ಹಾಕುತ್ತಾಳೆ, ಮಕ್ಕಳವು ಆಮೇಲೆ.